ಗೇಟಿನ ಯಂತ್ರದ ಹೆಸರು

ಆ ದಿನ ಬೆಳಗ್ಗೆ ಆರೂ ಹತ್ತಕ್ಕೆ ಫೋನ್ ಬಂದಾಗ ನಾನು ಸ್ನಾನ ಮುಗಿಸಿ ಪೂಜೆಗೆ ಕುಳಿತಿದ್ದೆ. ಹಿಂದಿನ ಸಂಜೆ ಎದೆನೋವು ಬಂದು ನಮ್ಮ ಮನೆಯವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಒಳಗೆ ಯಾರನ್ನೂ ಬಿಡುವುದಿಲ್ಲ, ಹೋಗಿ ಮಲಗಿ ಎಂದು ನನ್ನನ್ನು ಮನೆಗೆ ಕಳಿಸಿದ್ದರು.

"ಉದಯಕುಮಾರ್ ಅವ್ರ ಮನೇನಾ?" ಎಂದು ಕೇಳಿದ್ದು ಆಸ್ಪತ್ರೆಯ ಹುಡುಗಿ.

"ಹೌದಮ್ಮ."

"ಪೇಶೆಂಟ್ ಹೋಗ್ಬಿಟ್ರು ಆಂಟಿ. ಐದೂ ಮುಕ್ಕಾಲಿಗೆ. ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಆಗಲಮ್ಮ ಎಂದು ಹೇಳಿ ನಾನು ಮತ್ತೆ ಪೂಜೆಗೆ ಕುಳಿತೆ. ಅಳಲಿಲ್ಲ. ಉದಯಕುಮಾರ್ ಎನ್ನುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರೊಬ್ಬರು ತಮಗೆ ಚೆಂದ ಕಂಡಿತೆಂದು ರಿಜಿಸ್ಟರಿನಲ್ಲಿ ಬರೆದ ಹೆಸರು. ಕಾಲೇಜಿನ ಹಾಜರಿ ಪುಸ್ತಕ, ರೇಷನ್ ಕಾರ್ಡು, ಬಸ್ ಪಾಸು ಎಲ್ಲವೂ ಆ ಹೆಸರಿನಲ್ಲಿದ್ದವು. ಅದನ್ನು ಹೇಳಲು ನನಗೆ ಎಂದೂ ಸಂಕೋಚವಾಗಿಲ್ಲ, ಏಕೆಂದರೆ ಆ ಹೆಸರಿನವರನ್ನು ನಾನು ಮದುವೆಯಾದವಳಲ್ಲ. ನಾನು ಕೈಹಿಡಿದದ್ದು ತೊಟ್ಟಿಲಲ್ಲಿ ಅಜ್ಜನ ಹೆಸರು ಇಡಿಸಿಕೊಂಡವರನ್ನು. ಹೋದವರು ರಿಜಿಸ್ಟರಿನವರು, ನಮ್ಮವರು ತಿಂಡಿಯ ಹೊತ್ತಿಗೆ ಬರುತ್ತಾರೆ ಎಂದು ಮನಸ್ಸು ಹತ್ತು ನಿಮಿಷ ನಂಬಿಕೊಂಡು ಕುಳಿತಿತ್ತು. ಪಕ್ಕದ ಮನೆಯ ಪಾಪಮ್ಮ ಒಳಗೆ ಬಂದು, ಮಾತಾಡದೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಪಾಪಮ್ಮ ಮಾತಾಡದೆ ನಿಂತದ್ದನ್ನು ಕಂಡ ಮೇಲೆ ನನಗೆ ಸಂಗತಿ ಅರ್ಥವಾಯಿತು.

ಮಧ್ಯಾಹ್ನ ಕ್ರಿಯೆ ಮಾಡಿಸಲು ಬಂದ ಅಯ್ಯನವರು ವಿಭೂತಿಯ ತಟ್ಟೆಯನ್ನು ಮುಂದಿಟ್ಟುಕೊಂಡು ಕೇಳಿದರು: "ಲಿಂಗೈಕ್ಯರಾದೋರ ಹೆಸರು ಹೇಳಿ ತಾಯಿ. ದಾಖಲೆ ಹೆಸರು ಬೇಡ. ತೊಟ್ಟಿಲ ಹೆಸರು. ಹೆಂಡತಿ ಬಾಯಿಂದಲೇ ಬಂದ್ರೆ ಒಳ್ಳೇದು."

ಅಂಗಳದಲ್ಲಿ ಕುಳಿತಿದ್ದವರೆಲ್ಲ ನನ್ನ ಕಡೆ ನೋಡಿದರು. ಮೊದಲು ಪಾಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಪೇಪರ್ ಹಾಕುವ ಚಿಕ್ಕಣ್ಣ ಗೋಡೆಯ ಕಡೆ ತಿರುಗಿ ನಕ್ಕ. ಎಲ್ಲರ ನಗೆ ಮುಗಿದ ಮೇಲೆ ಎದುರುಮನೆಯ ಅಂಜಿನಯ್ಯನವರು ನಕ್ಕರು. ರಾಣೆಬೆನ್ನೂರಿನಿಂದ ಬಂದಿದ್ದ ನಮ್ಮ ನೆಂಟರು ಬೆಂಗಳೂರಿನ ಜನಕ್ಕೆ ಏನು ಬಂದಿದೆ ಎಂದು ಕಣ್ಣು ಕೆಂಪು ಮಾಡಿಕೊಂಡರು. ಈ ಮೂವರೂ ಒಳ್ಳೆಯವರು. ಅವರ ಮೇಲೆ ತಪ್ಪು ಅಭಿಪ್ರಾಯ ಉಳಿಯಬಾರದು. ಅದಕ್ಕಾಗಿ ಇದೇ ವರ್ಷದ ಮಾರ್ಚ್ ತಿಂಗಳಲ್ಲಿ, ಅಂದರೆ ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ, ನಡೆದದ್ದನ್ನು ಹೇಳಬೇಕಾಗಿದೆ.

ನಮ್ಮ ಮನೆಯವರು ಕೆಂಗೇರಿಯಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದರು. ಹಳೆಯ ಕಾಲದ ಡಿಪ್ಲೊಮಾ. ವೈರು, ಸ್ಕ್ರೂ, ಬೆಸುಗೆ ಎಂದರೆ ಅವರ ಕೈ ತಪ್ಪುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಮಾತ್ರ ಇದ್ದು ಕೈಗೆ ಸಿಗದ ವಸ್ತುಗಳ ಮುಂದೆ ಅವರು ಸಂತೆಯಲ್ಲಿ ಕೊಡೆ ಮರೆತವರಂತೆ ಆಗುತ್ತಿದ್ದರು. ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಎಲ್ಲರನ್ನೂ ಕರೆದು, ಮಾರ್ಚಿನಲ್ಲಿ ತಪಾಸಣಾ ಸಮಿತಿ ಬರುತ್ತದೆ, ಹೊಸ ನೆಟ್‌ವರ್ಕ್ ಸಿಮ್ಯುಲೇಶನ್ ಪ್ರೋಗ್ರಾಂ ನಡೆಸಿ ತೋರಿಸಬೇಕು, ಯಾರಿಗೆ ಗೊತ್ತಿದೆ ಎಂದು ಕೇಳಿದರಂತೆ. ನಮ್ಮ ಮನೆಯವರು ಎದ್ದು ನಿಂತು, "ಮೂರು ವರ್ಷದಿಂದ ನೋಡ್ತಾ ಇದೀನಿ ಸಾರ್," ಎಂದರು. ಅದು ಸುಳ್ಳಲ್ಲ. ಆ ಪ್ರೋಗ್ರಾಮಿನ ಸಿ.ಡಿ. ಮೂರು ವರ್ಷದಿಂದ ಅವರ ಮೇಜಿನ ಮೇಲೆ ಇತ್ತು, ದಿನವೂ ನೋಡುತ್ತಿದ್ದರು. ಅದರ ಮೇಲೆ ಟೀ ಲೋಟ ಇಡುತ್ತಿದ್ದರು.

"ಒಳ್ಳೇದಾಯ್ತು," ಎಂದರು ಪ್ರಿನ್ಸಿಪಾಲರು. "ನಿಮ್ಮನ್ನ ಹಾಸ್ಟೆಲ್ ಸ್ಟೋರಿಗೆ ಹಾಕೋಣ ಅಂತಿದ್ದೆ. ಅಕ್ಕಿ ತೂಕ ನೋಡ್ಕೊಳ್ಳೋಕೆ. ಈಗ ನೀವೇ ಡೆಮೋ ಕೊಡಿ. ಸರಿಹೋದ್ರೆ ಲ್ಯಾಬು. ಇಲ್ದಿದ್ರೆ ಅಕ್ಕಿ."

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತೆಂಟು ವರ್ಷ ಲ್ಯಾಬಿನ ಬೀಗದ ಕೈ ಸೊಂಟದಲ್ಲಿ ಇಟ್ಟುಕೊಂಡವರು ಅಕ್ಕಿಯ ಮೂಟೆ ಎಣಿಸುತ್ತ ಮುಗಿಸುವುದೇ ಎಂದು ಅವರಿಗೆ ಊಟ ಸೇರಲಿಲ್ಲ.

ಆ ಪ್ರೋಗ್ರಾಂ ಏನೆಂದು ಅವರು ನನಗೆ ಊಟದ ತಟ್ಟೆಯ ಮೇಲೆ ಉಪ್ಪಿನಕಾಯಿ ಹೋಳು ಇಟ್ಟು ವಿವರಿಸಿದರು. ಒಂದೇ ಕಂಪ್ಯೂಟರಿನೊಳಗೆ ಆರು ಕಂಪ್ಯೂಟರುಗಳು ಇದ್ದಂತೆ, ಅವುಗಳ ನಡುವೆ ತಂತಿ ಎಳೆದಂತೆ, ಸುದ್ದಿ ಓಡಾಡಿದಂತೆ ನಟಿಸುತ್ತದಂತೆ. ನಿಜವಾಗಿ ಒಂದೂ ಇರುವುದಿಲ್ಲ. ಯಾವುದು ಎಷ್ಟು ವೇಗ, ಯಾವುದು ಎಷ್ಟು ತಡ, ದಾರಿಯಲ್ಲಿ ಎಷ್ಟು ಕಳೆಯಬೇಕು ಎಂದು ನಾವು ಮೊದಲೇ ಹೇಳಬೇಕಂತೆ.

"ಇಲ್ದಿರೋ ಕಂಪ್ಯೂಟರಿಗೆ ಹೇಳಿದ್ರೆ ಕೇಳುತ್ತಾ?" ಎಂದೆ.

"ಇರೋವಕ್ಕಿಂತ ಚೆನ್ನಾಗಿ ಕೇಳುತ್ತೆ ಕಣೇ. ಆದ್ರೆ ನಂಬರ್ ಹಿಡಿದು ಕರೀಬೇಕು. ಅದೇ ಕಷ್ಟ."

ಕಷ್ಟವೇನೆಂದರೆ ಆ ಪ್ರೋಗ್ರಾಂ ಸೊನ್ನೆಯಿಂದ ಎಣಿಸುತ್ತಿತ್ತು. ನಮ್ಮ ಮನೆಯವರು ಒಂದರಿಂದ ಎಣಿಸುತ್ತಿದ್ದರು. ಹೀಗಾಗಿ ಅವರು ಮೂರನೆಯದಕ್ಕೆ ಹೇಳಿದ ಬುದ್ಧಿಮಾತು ಪ್ರತಿಸಲವೂ ನಾಲ್ಕನೆಯದಕ್ಕೆ ಹೋಗುತ್ತಿತ್ತು. ಒಂದು ವಾರ ಹೀಗೆ ನಡೆದ ಮೇಲೆ ವಚನಾ ಎಂಬ ಚಿಕ್ಕ ವಯಸ್ಸಿನ ಲೆಕ್ಚರರ್ ಅವರ ಮೇಲೆ ಕರುಣೆ ತೋರಿ, "ಸಾರ್, ನಂಬರ್ ಬಿಟ್ಬಿಡಿ. ಪ್ರತಿಯೊಂದಕ್ಕೂ ಹೆಸರಿಡಬಹುದು. ಆಮೇಲೆ ಹೆಸರು ಹಿಡಿದು ಏನ್ ಬೇಕಾದ್ರೂ ಸೆಟ್ ಮಾಡ್ಬಹುದು," ಎಂದಳು.

ನಮಗೆ ಮಕ್ಕಳಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ನಮ್ಮ ಮನೆಯವರಿಗೆ ಒಂದೇ ದಿನ ಆರು ನಾಮಕರಣದ ಯೋಗ ಬಂತು.

ಅವರು ಯೋಚಿಸಿದ್ದು ಸರಿಯಾಗಿಯೇ ಇತ್ತು. ಹೆಸರು ಕೇಳಿದ ಕೂಡಲೇ ಗುಣ ನೆನಪಾಗಬೇಕು. ಹಾಗಾಗಿ ಚಂದ್ರಾ ಲೇಔಟಿನ ನಮ್ಮ ಅಡ್ಡರಸ್ತೆಯವರನ್ನೇ ಸಾಲಾಗಿ ನಿಲ್ಲಿಸಿದರು. ಯಾರ ಹೆಸರು ಯಾವುದಕ್ಕೆ, ಏನು ಗುಣ ಎಂದು ಕಾಗದದ ರಟ್ಟಿನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಕಾಲೇಜಿನ ಹೊರಬಾಗಿಲಿನಂತೆ ಎಲ್ಲ ಸುದ್ದಿಯೂ ಹಾದುಹೋಗಬೇಕಾದ ಒಂದು ಯಂತ್ರವಿತ್ತು. ಅದನ್ನು ಅವರು ಗೇಟು ಎನ್ನುತ್ತಿದ್ದರು. ಅದಕ್ಕೆ ತಮ್ಮ ಹೆಸರನ್ನೇ ಇಟ್ಟರು.

"ಉದಯಕುಮಾರ್ ಅಂತ ಇಟ್ರಾ?" ಎಂದು ಕೇಳಿದೆ.

"ಉದಯಕುಮಾರ್ ಅಂದ್ರೆ ನಾನೇ ತಿರುಗಿ ನೋಡಲ್ಲ. ಮಿಷನ್ನು ಎಲ್ಲಿ ನೋಡುತ್ತೆ? ನಮ್ಮಮ್ಮ ಕರೀತಿದ್ದ ಹೆಸರು ಇಟ್ಟಿದೀನಿ." ಆಮೇಲೆ ತಟ್ಟೆ ನೋಡುತ್ತ, "ನೀನಂತೂ ಕರೀಲಿಲ್ಲ. ಮಿಷನ್ನಾದ್ರೂ ಕರೀಲಿ," ಎಂದರು.

ನಾನು ಮಜ್ಜಿಗೆ ಬಡಿಸಿದೆ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದಷ್ಟು ಸಲ ಅವನ ಆಯುಷ್ಯ ಕುಂದುತ್ತದೆ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ನಂಬುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೆ ಪರೀಕ್ಷೆ ಮಾಡಿ ನೋಡುವ ವಿಷಯ ಅದಲ್ಲ. ಒಡಪಿನಲ್ಲಿ, ಅಂದರೆ ಪ್ರಾಸ ಕಟ್ಟಿದ ಪದದಲ್ಲಿ, ಸೇರಿಸಿ ಹೇಳಿದರೆ ಮಾತ್ರ ದೋಷವಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಒಡಪು ಹಾಕಿಸಿದ್ದರು. ಆಗ ನಾನು ಎಷ್ಟು ಮೆಲ್ಲಗೆ ಹೇಳಿದ್ದೆನೆಂದರೆ ಪಕ್ಕದಲ್ಲಿ ನಿಂತಿದ್ದವರಿಗೂ ಕೇಳಿಸಿರಲಿಲ್ಲ.

ಮಾರ್ಚ್ ಹನ್ನೆರಡರಂದು ಸಮಿತಿ ಮಧ್ಯಾಹ್ನ ಎರಡಕ್ಕೆ ಬರುವುದಿತ್ತು. ಬಿನ್ನಿಪೇಟೆಯಲ್ಲಿ ಅವರ ದಾಯಾದಿ ಭರಮಪ್ಪನ ಪ್ರಿಂಟಿಂಗ್ ಪ್ರೆಸ್ಸು ಇದೆ. ಆರೂ ಯಂತ್ರಗಳ ಬಣ್ಣದ ಚಿತ್ರಪಟ ಅಲ್ಲಿ ತಯಾರಾಗುತ್ತಿತ್ತು. ಅದನ್ನು ತೆಗೆದುಕೊಂಡೇ ಕಾಲೇಜಿಗೆ ಹೋಗುತ್ತೇನೆಂದು ಅವರು ಒಂಬತ್ತಕ್ಕೆ ಹೊರಟರು. ಚಡ್ಡಿ ಹುಡುಗರ ಕೈಯಲ್ಲೂ ಮೊಬೈಲ್ ಬಂದ ಕಾಲದಲ್ಲಿ ಇವರು ಮಾತ್ರ ಇಟ್ಟುಕೊಂಡಿರಲಿಲ್ಲ. ವಿದ್ಯಾರ್ಥಿಗಳು ಕೆಡಿಸುತ್ತಾರೆಂದು ಪ್ರೋಗ್ರಾಮಿನ ಒಳಬರಹವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದರು. ಲ್ಯಾಬಿನಲ್ಲಿ ಬಿಟ್ಟದ್ದು ಒತ್ತಿದರೆ ನಡೆಯುವ ಪ್ರತಿ ಮಾತ್ರ. ನೋಟ್‌ಬುಕ್ಕನ್ನು ಜಾಗರೂಕತೆಯಿಂದ ದೇವರ ಗೂಡಿನ ಪಕ್ಕದಲ್ಲಿಟ್ಟು, ಅಲ್ಲಿಯೇ ಬಿಟ್ಟು ಹೋದರು.

ಸಮಿತಿ ಹತ್ತೂವರೆಗೇ ಬಂತು.

ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಮೂವರಿದ್ದರು. ಪಾಪಮ್ಮ ಒಂದು ಬಟ್ಟಲು ಹುಣಸೆಹಣ್ಣಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತು. ವಿದ್ಯುತ್ ಇಲಾಖೆಯಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದ ಅಂಜಿನಯ್ಯನವರು ನಮ್ಮ ಫ್ಯೂಸು ನೋಡಲು ಬಂದು, ಅದನ್ನು ಮುಟ್ಟುವ ಮೊದಲು ಯೋಚಿಸುತ್ತಿದ್ದರು. ಚಿಕ್ಕಣ್ಣ ಬೆಳಗಿನ ಪೇಪರನ್ನು ನಮ್ಮ ಸಜ್ಜಾದ ಮೇಲೆ ಎಸೆದಿದ್ದ, ಅದನ್ನು ಇಳಿಸಿಕೊಡಲು ಬಂದಿದ್ದ. ಆಗ ಫೋನ್ ಬಂತು. ನಮ್ಮ ಫೋನಿನ ರಿಸೀವರ್ ಕೆಟ್ಟು ಆರು ತಿಂಗಳಾಗಿತ್ತು. ಸ್ಪೀಕರಿನ ಗುಂಡಿ ಒತ್ತಿದರೆ ಮಾತ್ರ ಕೇಳಿಸುತ್ತಿತ್ತು, ಹಾಗೆ ಒತ್ತಿದರೆ ರಸ್ತೆಗೂ ಕೇಳಿಸುತ್ತಿತ್ತು.

"ಆಂಟಿ, ನಾನು ವಚನಾ, ಕಾಲೇಜಿಂದ. ಸಾರ್ ಎಲ್ಲಿ? ಕಮಿಟಿ ಬಂದು ಕೂತ್ಬಿಟ್ಟಿದೆ. ಪ್ರೋಗ್ರಾಂ ಆನ್ ಮಾಡಿದ್ರೆ ಒಂದೊಂದೇ ಹೆಸರು ಕೇಳ್ತಾ ಇದೆ."

"ಬಿನ್ನಿಪೇಟೆಗೆ ಹೋಗಿದಾರಮ್ಮ. ನೋಟ್‌ಬುಕ್ ಇಲ್ಲೇ ಇದೆ."

ಅತ್ತಲಿಂದ ಪ್ರಿನ್ಸಿಪಾಲರ ದನಿ ಬಂತು: "ಓದೋಕೆ ಹೇಳಿ ಅವ್ರಿಗೆ. ಬೇಗ."

ನಾನು ಕನ್ನಡಕ ಹಾಕಿಕೊಂಡು, ನೋಟ್‌ಬುಕ್ ತೆರೆದು, ಬರೆದದ್ದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದಿದೆ. ಶಾಲೆಯಲ್ಲಿ ನಮಗೆ ಹಾಗೆಯೇ ಕಲಿಸಿದ್ದರು. ಮುಂದೇನು ಬರುತ್ತದೆಂದು ಮೊದಲು ಕಣ್ಣಾಡಿಸಿ ನೋಡುವ ಅಭ್ಯಾಸ ನನಗಿರಲಿಲ್ಲ.

"ಮೊದಲನೆಯದು, ಪಾಪಮ್ಮ. ಗುಣ: ಒಂದು ಕಡೆಯಿಂದ ಏನು ಬಂದರೂ ಆ ಕ್ಷಣವೇ ಎಲ್ಲ ಕಡೆಗೂ ಹಂಚುವುದು. ಯಾರಿಗೆ ಸೇರಬೇಕೆಂದು ನೋಡುವುದಿಲ್ಲ."

ಪಾಪಮ್ಮನ ಕೈಯಲ್ಲಿದ್ದ ಹುಣಸೆಹಣ್ಣಿನ ಬಟ್ಟಲು ಮೇಜಿನ ಮೇಲೆ ಕುಳಿತುಕೊಂಡಿತು.

"ತಗೊಳ್ತು ಆಂಟಿ. ಮುಂದೆ?"

"ಎರಡನೆಯದು, ಅಂಜಿನಯ್ಯ. ಗುಣ: ಕೇಳಿದ್ದಕ್ಕೆ ಉತ್ತರ ಖಂಡಿತ ಬರುತ್ತದೆ. ತಡ: ಎರಡು ಸೆಕೆಂಡು. ಇದೇ ಇರುವುದರಲ್ಲಿ ಅತಿ ನಿಧಾನ."

ಅಂಜಿನಯ್ಯನವರು ಸ್ಟೂಲಿನ ಮೇಲೆ ಫ್ಯೂಸು ಹಿಡಿದು ನಿಂತಿದ್ದರು.

"ಮೂರನೆಯದು, ಚಿಕ್ಕಣ್ಣ. ನೂರಕ್ಕೆ ಐದು ತಲಪುವುದಿಲ್ಲ."

"ಮಳೆಗಾಲದಲ್ಲಿ ಆಂಟಿ," ಎಂದ ಚಿಕ್ಕಣ್ಣ. "ಬೇಸಿಗೇಲಿ ಎರಡೇ."

"ನನ್ನ ಬಗ್ಗೆ ಅದೇನ್ ಹೇಳ್ತಾ ಇದ್ರಿ?" ಎಂದು ಆಗ ಅಂಜಿನಯ್ಯನವರು ಕೇಳಿದರು.

"ನಾಲ್ಕನೆಯದು, ಅಂಜನಮ್ಮ." ಇದು ನಮ್ಮ ತೀರಿಹೋದ ಅತ್ತೆಯ ಹೆಸರು. ಅತ್ತೆಯ ಹೆಸರಿಗೆ ನಿಷೇಧವಿಲ್ಲ. "ಗುಣ: ಅಪ್ಪಣೆಯಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಐದನೆಯದು..." ಎಂದು ಹೇಳಿ ನಿಂತೆ.

"ಐದನೇದು ಆಂಟಿ?"

"ನೀಲಮ್ಮ. ತಡ ಸೊನ್ನೆ. ನಷ್ಟ ಸೊನ್ನೆ. ಎಷ್ಟು ಕೊಟ್ಟರೂ ಹಿಡಿದಿಟ್ಟುಕೊಳ್ಳುತ್ತಾಳೆ."

ನೀಲಮ್ಮ ಎಂದರೆ ನಾನು.

ಪಾಪಮ್ಮ ಇದನ್ನು ಕೇಳಿ ಎದ್ದು ನಿಂತಳು. "ಹೆಂಡ್ತೀಗೆ ಮಾತ್ರ ಸೊನ್ನೆ ನಷ್ಟ. ನಮಗೆ ಊರ ತುಂಬಾ ಹಂಚೋ ಕೆಲಸ. ಹದಿನೇಳು ವರ್ಷದಿಂದ ಸಾರು ಪಲ್ಯ ಕೊಟ್ಕೊಂಡ್ ಬಂದಿದೀನಿ ಈ ಮನೆಗೆ."

"ಆಂಟಿ, ಅಲ್ಲಿ ಯಾರೋ ಬೈತಾ ಇದಾರಾ?"

"ಇಲ್ಲಮ್ಮ. ಪಾಪಮ್ಮ ಬಂದಿದಾರೆ."

ಅತ್ತ ನಾಲ್ಕೈದು ಜನ ಒಟ್ಟಿಗೆ ಪಾಪಮ್ಮನಾ ಎಂದದ್ದು ಕೇಳಿಸಿತು. ಪ್ರೋಗ್ರಾಮಿನ ಪಾಪಮ್ಮ ಫೋನಿನಲ್ಲಿ ಬಂದು ನಿಂತದ್ದು ಸಮಿತಿಗೆ ಆಶ್ಚರ್ಯವಾಗಿರಬೇಕು. ಆಗ ತಿಳಿಯಿತು, ಆ ಕಡೆಯೂ ಸ್ಪೀಕರ್ ಹಾಕಿದ್ದರು.

"ಕೊನೇದು ಒಂದೇ ಉಳಿದಿದೆ. ಗೇಟು. ಅದಿಲ್ದೆ ಯಾವುದೂ ಓಡಲ್ಲ. ಏನ್ ಬರ್ದಿದಾರೆ?"

ನಾನು ನೋಡಿದೆ. ಆರನೆಯದರ ಮುಂದೆ ಅವರು "ನಾನು" ಎಂದು ಬರೆದಿದ್ದರು. ಅಷ್ಟೇ.

"ನಾನು ಅಂತ ಇದೆ."

"ನೀವಾ? ನೀವು ಆಗ್ಲೇ ಬಂದ್ರಿ."

"ನಾನಲ್ಲಮ್ಮ. ಅವರು."

"ನಾನು ಅಂತ ಹಾಕ್ದೆ, ತಗೊಳ್ತಿಲ್ಲ. ಸಾರ್ ಹೆಸರೇ ಇರ್ಬೇಕು. ಉದಯಕುಮಾರ್... ಇಲ್ಲ, ಅದನ್ನೂ ತಗೊಳ್ತಿಲ್ಲ. ಆ ಹೆಸರಿನೋರು ಯಾರೂ ಇಲ್ಲ ಅಂತಿದೆ."

ಅದು ಸರಿಯಾಗಿಯೇ ಹೇಳಿತ್ತು. "ಅದಲ್ಲಮ್ಮ. ಅವರಿಗೆ ತೊಟ್ಟಿಲ ಹೆಸರು ಬೇರೆ ಇದೆ."

"ಹೇಳಿ ಆಂಟಿ."

"ಹೇಳೋ ಹಾಗಿಲ್ಲ."

"ಪಾಸ್‌ವರ್ಡಾ?"

"ಗಂಡ."

ಪ್ರಿನ್ಸಿಪಾಲರು ನಡುವೆ ಬಂದರು. "ನೋಡಿ ಅಮ್ಮ, ಇಲ್ಲಿ ನಾಲ್ಕು ಜನ ದೊಡ್ಡೋರು ಗಡಿಯಾರ ನೋಡ್ತಾ ಇದಾರೆ. ಐದು ನಿಮಿಷದಲ್ಲಿ ಇದು ಓಡದಿದ್ರೆ ನಾಳೆಯಿಂದ ನಿಮ್ಮ ಯಜಮಾನ್ರು ಅಕ್ಕಿ ತೂಗ್ತಾರೆ. ಹೆಸರು ಹೇಳಿ ಅಷ್ಟೇ."

ನಾನು ಪಾಪಮ್ಮನ ಕಡೆ ನೋಡಿದೆ. ನಮ್ಮತ್ತೆ ಬದುಕಿದ್ದಷ್ಟು ದಿನ ಸಂಜೆ ಬಾಗಿಲಲ್ಲಿ ನಿಂತು ಮಗನನ್ನು ಆ ಹೆಸರಿನಿಂದಲೇ ಕೂಗುತ್ತಿದ್ದರು. ಇಡೀ ರಸ್ತೆಗೆ ಆ ಹೆಸರು ಗೊತ್ತು. ಪಾಪಮ್ಮನಿಗೆ ಯಾರ ಗುಟ್ಟನ್ನೂ ಹೇಳುವ ಸ್ವಾತಂತ್ರ್ಯವಿದೆ, ಗುಟ್ಟಲ್ಲದ ಒಂದು ಹೆಸರು ಹೇಳಲು ಏನು ಕಷ್ಟ?

"ನೀವು ಹೇಳಿ ಪಾಪಮ್ಮ," ಎಂದೆ.

ಪಾಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕುಳಿತಳು. "ನಾನು ಹೇಳಲ್ಲ. ನಾನು ಹೇಳಿದ್ರೆ ಹಂಚಿದ ಹಾಗಾಗುತ್ತೆ. ಇವತ್ತಿಂದ ನನ್ನ ಬಾಯಿಂದ ಒಂದು ಅಕ್ಷರ ಹೊರಗೆ ಹೋಗಲ್ಲ."

ಚಂದ್ರಾ ಲೇಔಟಿನ ಚರಿತ್ರೆಯಲ್ಲಿ ಪಾಪಮ್ಮ ಒಂದು ಮಾತನ್ನು ತನ್ನಲ್ಲಿಯೇ ಇಟ್ಟುಕೊಂಡದ್ದು ಆ ದಿನವೇ ಮೊದಲು, ಅದೂ ನಮಗೆ ಬೇಕಾದ ಮಾತನ್ನು.

ಚಿಕ್ಕಣ್ಣನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ನಂಗೆ ನಲವತ್ತೇಳನೇ ನಂಬರ್ ಮನೆ ಸಾರ್ ಅಂತ ಗೊತ್ತು. ಅಜ್ಜಿ ಕೂಗೋದು ಕೇಳಿದೀನಿ. ಆದ್ರೆ ಮರ್ತೋಯ್ತು ಆಂಟಿ." ತಲಪದ ಆ ಐದರಲ್ಲಿ ಇದೂ ಒಂದು.

"ಅಂಜಿನಯ್ಯನವ್ರೇ, ನೀವಾದ್ರೂ."

ಅಂಜಿನಯ್ಯನವರು ಸ್ಟೂಲಿನಿಂದ ಇಳಿದರು. ಕೈ ಒರೆಸಿಕೊಂಡರು. ಫೋನಿನ ಹತ್ತಿರ ಬಂದು ಕೆಮ್ಮಿದರು. "ಹೇಳಬಹುದು. ಹೇಳಬಾರದು ಅಂತೇನಿಲ್ಲ. ಆದ್ರೆ ಒಬ್ಬರಿಗೆ ಎರಡು ಹೆಸರಿರುವಾಗ, ದಾಖಲೆಯಲ್ಲಿಲ್ಲದ ಹೆಸರನ್ನ ಒಂದು ಸಂಸ್ಥೆಗೆ ಫೋನಿನಲ್ಲಿ ಕೊಟ್ರೆ, ನಾಳೆ ಪೆನ್ಷನ್ನಿಗೆ ತೊಂದರೆ ಆಗಬಹುದು. ಅವರು ಬರಹದಲ್ಲಿ ಕೇಳಲಿ. ನಾವು ಬರಹದಲ್ಲಿ ಕೊಡೋಣ."

ಇದೆಲ್ಲವೂ ಕೋಪದಿಂದ ಅಲ್ಲ. ಅವರು ಇದ್ದದ್ದೇ ಹಾಗೆ. ನಮ್ಮ ಮನೆಯವರು ನೋಟ್‌ಬುಕ್ಕಿನಲ್ಲಿ ಒಂದು ಅಂಕಿಯನ್ನೂ ತಪ್ಪು ಬರೆದಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಸೊನ್ನೆ ತಡ, ಸೊನ್ನೆ ನಷ್ಟ ಎಂದು ಬರೆದಿದ್ದ ನಾನೊಬ್ಬಳೇ ತಡಮಾಡುತ್ತ ಕುಳಿತಿದ್ದೆ.

"ಮೂರು ನಿಮಿಷ," ಎಂದರು ಪ್ರಿನ್ಸಿಪಾಲರು.

ನಾನು ಎದ್ದು ದೇವರ ಗೂಡಿನ ಕಡೆ ತಿರುಗಿ ಕೈಮುಗಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡೆ. ಆಮೇಲೆ ಫೋನಿನ ಮುಂದೆ ಬಂದು, ಮದುವೆಯ ದಿನ ಹೊಸ್ತಿಲಲ್ಲಿ ನಿಂತ ಹಾಗೆ ನಿಂತುಕೊಂಡು, ಈ ಸಲ ಗಟ್ಟಿಯಾಗಿ ಒಡಪು ಹಾಕಿದೆ.

"ಹಾಲಿಗೆ ಹೆಪ್ಪು ಬಿದ್ರೆ ಮೊಸರು, ಮಳೆಗೆ ಮಣ್ಣು ಕೂಡಿದ್ರೆ ಕೆಸರು, ಕೆಂಗೇರಿ ಗೇಟು ಕಾಯೋ ಯಂತ್ರಕ್ಕೆ ನಮ್ಮ ಮನೆಯವರ ಹೆಸರು..."

ಕೊನೆಯಲ್ಲಿ ಅವರ ಹೆಸರು ಹೇಳಿದೆ. ಪಾಪಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅತ್ತ ಗುಂಡಿಗಳ ಸದ್ದು ಕೇಳಿಸಿತು. "ಸಾರ್, ಇದು ಬಹಳ ಉದ್ದ ಇದೆ," ಎಂದು ವಚನಾ ಯಾರಿಗೋ ಹೇಳಿದಳು. "ಹಾಲಿಗೆ ಹೆಪ್ಪು ತನಕ ಹಾಕಿದೀನಿ. ತಗೊಳ್ತಿಲ್ಲ."

ಆಗ ಒಂದು ಹೊಸ ದನಿ ಕೇಳಿಸಿತು. ವಯಸ್ಸಾದವರ ದನಿ, ಧಾರವಾಡದ ಕಡೆಯದು. ಅವರೇ ಸಮಿತಿಯ ಅಧ್ಯಕ್ಷರೆಂದು ಆಮೇಲೆ ತಿಳಿಯಿತು. "ಅದು ಒಡಪು ಐತಿ ತಂಗಿ. ಹಾಲು ಮೊಸರು ಬ್ಯಾಡ. ಕಡೀ ಮಾತಷ್ಟ ಹಾಕು."

ಮತ್ತೆ ಗುಂಡಿಗಳ ಸದ್ದು. ಆಮೇಲೆ ವಚನಾ ಮೆಲ್ಲಗೆ ಹೇಳಿದಳು: "ಬಂತು. ಎಲ್ಲಾ ಓಡ್ತಾ ಇದೆ."

ಅಷ್ಟೇ ಆಗಿದ್ದರೆ ನಾನು ಫೋನ್ ಇಡುತ್ತಿದ್ದೆ. ಆದರೆ ವಚನಾ ಮತ್ತೆ ಮಾತಾಡಿದಳು: "ಸಾರ್, ನೀವು ಯಾವಾಗ ಬಂದ್ರಿ?"

ನಮ್ಮ ಮನೆಯವರು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಉದ್ದ ಸುರುಳಿ, ಹಣೆಯಲ್ಲಿ ಬೆವರು. ಮೊಸರು ಎನ್ನುವಾಗ ಬಂದವರು ಹೆಸರು ಬರುವವರೆಗೂ ಕಾಲು ಕೀಳದೆ ನಿಂತಿದ್ದರಂತೆ. ಇದನ್ನು ವಚನಾ ಆಮೇಲೆ ನನಗೆ ಹೇಳಿದ್ದು. ಕಣ್ಣಲ್ಲಿ ನೀರಿತ್ತು, ಕೇಳಿದರೆ ಬೆವರು ಎಂದರು ಆಂಟಿ ಎಂದಳು.

ಅಧ್ಯಕ್ಷರು ಗೇಟಿನ ವೇಗವನ್ನು ಅರ್ಧಕ್ಕೆ ಇಳಿಸಿ ತೋರಿಸಿ ಎಂದರು. ನಮ್ಮ ಮನೆಯವರು ತಮ್ಮ ಹೆಸರು ಒತ್ತಿ, ತಮ್ಮನ್ನು ತಾವೇ ಅರ್ಧಕ್ಕೆ ಇಳಿಸಿದರು. ಹಿಂದೆ ಸುದ್ದಿಗಳೆಲ್ಲ ಸಾಲುಗಟ್ಟಿ ನಿಂತವು. ಮತ್ತೆ ಮೊದಲಿನಂತೆ ಮಾಡಿದರು, ಸಾಲು ಕರಗಿತು. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಚಿತ್ರಪಟ ಬಿಚ್ಚಿದರು. ಭರಮಪ್ಪ ಮದುವೆಯ ಕರೆಯೋಲೆಗಳಲ್ಲಿ ಪಳಗಿದವನು. ಸುತ್ತ ಬಾಳೆಕಂಬ, ಮೇಲೆ ಕಳಶ, ನಡುವೆ ಆರು ಯಂತ್ರ, ಕೆಳಗೆ ತಮ್ಮ ಆಗಮನಾಭಿಲಾಷಿಗಳು ಎಂದು ಆರೂ ಹೆಸರು.

"ಇವರೆಲ್ಲಾ ಯಾರ್ರಿ?" ಎಂದು ಅಧ್ಯಕ್ಷರು ಕೇಳಿದರು.

"ನಮ್ಮ ರಸ್ತೆಯೋರು ಸಾರ್. ನಂಬರ್ ಆದ್ರೆ ಮರ್ತೋಗುತ್ತೆ. ಜನ ಮರ್ತೋಗಲ್ಲ."

ಅಧ್ಯಕ್ಷರು ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡರು. ಅಕ್ಕಿಯ ಮಾತು ಮತ್ತೆ ಬರಲಿಲ್ಲ. ಲ್ಯಾಬಿನ ಬೀಗದ ಕೈ ಸೊಂಟದಲ್ಲಿಯೇ ಉಳಿಯಿತು. ಪ್ರಿನ್ಸಿಪಾಲರು ಮಾತ್ರ ಒಂದು ಸುತ್ತೋಲೆ ಹೊರಡಿಸಿದರು: ಇನ್ನು ಮುಂದೆ ಯಂತ್ರಗಳಿಗೆ ಬದುಕಿರುವವರ ಹೆಸರಿಡಕೂಡದು, ನದಿಗಳ ಹೆಸರು ಇಡತಕ್ಕದ್ದು.

ಪಾಪಮ್ಮ ಮೂರು ದಿನ ಮಾತಾಡಲಿಲ್ಲ. ಆ ಮೂರು ದಿನ ಯಾರ ಮನೆಗೆ ಹೆಣ್ಣು ನೋಡಲು ಬಂದರು, ನೀರು ಯಾವಾಗ ಬರುತ್ತದೆ ಎಂದು ತಿಳಿಯದೆ ರಸ್ತೆಯೇ ಕುರುಡಾಯಿತು. ನಾಲ್ಕನೆಯ ದಿನ ನಮ್ಮ ಮನೆಯವರು ಅವಳ ಬಾಗಿಲಿಗೆ ಹೋಗಿ, "ತಪ್ಪಾಯ್ತು ಪಾಪಮ್ಮ. ನಿಮ್ಮ ಹೆಸರು ತೆಗೆದು ಕಾವೇರಿ ಅಂತ ಬದಲಾಯಿಸಿದೀನಿ," ಎಂದರು.

"ತೆಗೆದ್ಬಿಟ್ರಾ?" ಎಂದಳು ಪಾಪಮ್ಮ. "ಕಾಲೇಜಲ್ಲಿ ನನ್ನ ಹೆಸರು ಓಡ್ತಿದೆ ಅಂತ ಹೆಗ್ಗನಹಳ್ಳೀಲಿರೋ ನಮ್ಮಕ್ಕಂಗೆ ಹೇಳಿ ಆಯ್ತಲ್ಲ. ಯಾರನ್ನ ಕೇಳಿ ತೆಗೆದ್ರಿ?"

ಅವರು ಮರುದಿನ ಮತ್ತೆ ಇಟ್ಟರು. ಸುತ್ತೋಲೆಯನ್ನು ಮೀರಿ ಇಂದಿಗೂ ಆ ಲ್ಯಾಬಿನಲ್ಲಿ ಐದು ನದಿಗಳೂ ಒಬ್ಬ ಪಾಪಮ್ಮನೂ ಇದ್ದಾರೆ.

ಡೆಮೋ ನಡೆದ ದಿನ ಸಂಜೆ ಅವರು ಮನೆಗೆ ಬಂದು, ಕಾಲು ತೊಳೆದು, ಕಾಫಿ ಕುಡಿದು, ಲೋಟ ಕೆಳಗಿಟ್ಟರು. ಆಮೇಲೆ, "ಇನ್ನೊಂದ್ ಸಲ ಹೇಳೇ," ಎಂದರು.

"ಏನನ್ನ?"

"ಗೊತ್ತಿಲ್ವಾ? ಒಡಪು ಬೇಡ. ಬರೀ ಹೆಸರು."

"ಮಿಷನ್ನಿಗೆ ಬೇಕಿತ್ತು, ಹೇಳ್ದೆ. ನಿಮಗ್ಯಾಕೆ?"

"ಮಿಷನ್ನಿಗೆ ಇರೋ ಭಾಗ್ಯ ನನಗಿಲ್ಲ ಬಿಡು," ಎಂದು ನಕ್ಕರು. ಆಮೇಲೆ ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದರು. ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಇವತ್ತಾದ್ರೂ?" ಎನ್ನುತ್ತಿದ್ದರು. ಆಯುಷ್ಯದ ಮಾತು ನಾನು ಅವರಿಗೆ ಹೇಳಲಿಲ್ಲ. "ಬಸ್ ತಪ್ಪುತ್ತೆ, ಹೋಗಿ," ಎನ್ನುತ್ತಿದ್ದೆ. ಆಸ್ಪತ್ರೆಯ ಒಳಗೆ ಕರೆದೊಯ್ಯುವಾಗ ಸ್ಟ್ರೆಚರಿನ ಮೇಲಿಂದ ನನ್ನ ಮುಖ ನೋಡಿದರು. ಕೇಳಲಿಲ್ಲ. ಕೇಳಿದ ಹಾಗೆಯೇ ಇತ್ತು. ಆಗಲೂ ನಾನು ಹೇಳಲಿಲ್ಲ, ಅವರ ಆಯುಷ್ಯ ಉಳಿಯಲಿ ಎಂದು.

ಅಂಗಳದಲ್ಲಿ ಅಯ್ಯನವರು ಕಾಯುತ್ತಿದ್ದರು. ಪಾಪಮ್ಮ, ಚಿಕ್ಕಣ್ಣರ ನಗೆ ಯಾವಾಗಲೋ ಅಳುವಾಗಿತ್ತು. ಅಂಜಿನಯ್ಯನವರ ಅಳು ಮಾತ್ರ ಆಗ ಶುರುವಾಯಿತು. "ನಾನು ಹೇಳ್ಲಾ ನೀಲಮ್ಮ?" ಎಂದು ಪಾಪಮ್ಮ ನನ್ನ ಕಿವಿಯಲ್ಲಿ ಕೇಳಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಬಾಯಿ ಮುಚ್ಚಿಕೊಂಡಳು.

ನಮ್ಮ ಮನೆಯವರ ಹತ್ತಿರ ಹೋಗಿ ಕುಳಿತೆ. ಹಣೆಯ ವಿಭೂತಿ ಸ್ವಲ್ಪ ಓರೆಯಾಗಿತ್ತು, ಸರಿಮಾಡಿದೆ. ಇನ್ನು ಕುಂದುವುದಕ್ಕೆ ಆಯುಷ್ಯ ಉಳಿದಿರಲಿಲ್ಲ. ಮೊಸರು ಬೇಡ, ಕೆಸರು ಬೇಡ. ಅವರು ಕೇಳಿದಂತೆ ಬರೀ ಹೆಸರನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

"ಶಿವಬಸಪ್ಪ."

ತಂದೆಯೇ, ಶಿವಬಸಪ್ಪ ಎಂಬ ಹೆಸರಿನವರು ನಿನ್ನ ಬಾಗಿಲಿಗೆ ಬಂದಿದ್ದಾರೆ. ಸುಳ್ಳು ಹೇಳಿದ್ದು ಒಂದೇ ಸಲ, ಅದೂ ಪೂರ್ತಿ ಸುಳ್ಳಲ್ಲ. ಉದಯಕುಮಾರ್ ಎಂದು ಕರೆದರೆ ಅವರು ತಿರುಗಿ ನೋಡುವುದಿಲ್ಲ. ನಂಬರು ಕೊಟ್ಟು ನಿಲ್ಲಿಸಬೇಡ, ಎಲ್ಲಿಂದ ಎಣಿಸಬೇಕೆಂದು ಗಲಿಬಿಲಿಗೊಳ್ಳುತ್ತಾರೆ. ಅವರ ತಾಯಿ ಕರೆದ ಹೆಸರಿನಿಂದ ಮೆಲ್ಲಗೆ ಕರೆ. ತಡವಿಲ್ಲದೆ, ನಷ್ಟವಿಲ್ಲದೆ ಅವರನ್ನು ನಿನ್ನಲ್ಲಿ ಸೇರಿಸಿಕೊಂಡು ಶಾಂತಿಯನ್ನು ಕೊಡು.